ನಾಲ್ಕು ಸಾವಿರದ ಗುಳಿ

ಕಂಕನಾಡಿಯಲ್ಲಿ ಎರಡನೇ ಮಹಡಿ, ಗಾಜಿನ ಗೂಡು.
ಹಗಲು ನನ್ನ ಕೆಲಸ ಇಷ್ಟೇ:
ಹೆಡ್‌ಫೋನು ತೊಡಿಸಿ, ಬಾಗಿಲು ಹಾಕಿ,
ಕೇಳಿದರೆ ಬೆರಳೆತ್ತಿ ಅನ್ನುವುದು.
ಕೇಳದಿದ್ದರೂ ಎತ್ತುತ್ತಾರೆ ಕೆಲವರು, ಮರ್ಯಾದೆಗೆ.

ಒಂದು ಕಿವಿ ಇನ್ನೊಂದಕ್ಕೆ ಹೇಳಿಕೊಡದಂತೆ
ಒಳ್ಳೆಯ ಕಿವಿಗೆ ಸದ್ದು ತುಂಬಬೇಕು,
ಸುಮ್ಮನೆ ಸುರಿಯುವ, ಅರ್ಥವಿಲ್ಲದ ಸದ್ದು.
ನನಗೆ ಪ್ರೀತಿ ಹುಟ್ಟಿದ್ದು ಆ ಗುಂಡಿಯ ಮೇಲೆ.

ರಾತ್ರಿ ಬೋಳಾರ. ಮುಚ್ಚಿದ ಹಂಚಿನ ಕಾರ್ಖಾನೆಯ ಗೋದಾಮು.
ಡೆತ್ ಮೆಟಲ್ಲಿಗೆ ಬಾಡಿಗೆ ಕೊಡುವವರು ಬೇರೆ ಯಾರಿದ್ದಾರೆ?
ಮೆಲ್ರಾಯ್ ಹೊಟ್ಟೆಯಿಂದ ಗೊಗ್ಗರು ಎಳೆಯುತ್ತಾನೆ
(ಆದಿತ್ಯವಾರ ಇದೇ ಗಂಟಲು ಇಗರ್ಜಿಯಲ್ಲಿ ತಗ್ಗುಸ್ವರ ಹಾಡುತ್ತದೆ).
ನಿಸಾಫನ ಎರಡು ಕಾಲೂ ಹೊಲಿಗೆ ಮಿಷನ್ನು.
ಚಿರಾಗ್ ಶೇಟ್ ತಂತಿ ಸಡಿಲಿಸಿ ಸಡಿಲಿಸಿ
ಗಿಟಾರು ಈಗ ನೆಲದಡಿಯಿಂದ ಮಾತಾಡುತ್ತದೆ.
ನನ್ನದು ಒಂದು ಮೇಜು.
ಬೋಟಿನಿಂದ ಕಿತ್ತ ಹಳೇ ವಯರ್‌ಲೆಸ್ಸು,
ಬೆಸುಗೆ ಹಾಕಿದ ಏಳು ಪೆಡಲು,
ಒಂದು ತಗಡು, ತಗಡಿಗೆ ಅಂಟಿಸಿದ ಮೈಕು.

ಬೆರೆಯುತ್ತಿರಲಿಲ್ಲ.
ನಾನು ತೆರೆದರೆ ಅವರು ಮೂವರೂ ಮುಳುಗುತ್ತಿದ್ದರು.
ತಗ್ಗಿಸಿದರೆ, ಹಿಂದೆಲ್ಲೋ ಯಾರೋ
ಬಂಗುಡೆ ಹುರಿಯುತ್ತಿದ್ದಾರೆ ಅನ್ನಿಸುತ್ತಿತ್ತು.
ನಿನ್ನ ಸದ್ದಿಗೆ ಅಂಚಿಲ್ಲ ಅಕ್ಕಾ, ಅಂದ ನಿಸಾಫ್,
ನನ್ನ ಪೆಟ್ಟು ಎಲ್ಲಿ ಬೀಳಬೇಕು?
ಮೂರು ತಿಂಗಳು ಹೀಗೇ.
ಜಗಳ, ಗೋಳಿಬಜೆ, ಮತ್ತೆ ಜಗಳ.

ಆಮೇಲೆ ಗೂಡಿಗೆ ಬಂದವರು ಧೂಮಣ್ಣ ಮೆಂಡನ್,
ಮೂವತ್ತೊಂದು ವರ್ಷ ಟ್ರಾಲ್ ಬೋಟಿನ ಎಂಜಿನ್ ಕೋಣೆಯಲ್ಲಿ.
ಅವರ ಗೆರೆ ನೆಟ್ಟಗೆ ನಡೆದು ಬಂದು
ನಾಲ್ಕು ಸಾವಿರದಲ್ಲಿ ದೊಪ್ಪನೆ ಗುಳಿಗೆ ಬಿತ್ತು.
ಇಲ್ಲಿ ಏನೂ ಕೇಳುವುದಿಲ್ಲವಾ?
ಕೇಳದೆ ಏನು, ಅಲ್ಲೇ ಕೇಳುವುದು. ಇಡೀ ದಿನ ಉಂಟು.
ಹೇಗೆ ಕೇಳುತ್ತದೆ?
ಧಕ್ಕೆಯಲ್ಲಿ ಮಂಜುಗಡ್ಡೆ ಪುಡಿ ಮಾಡುವ ಮಿಷನ್ನು ನೋಡಿದ್ದೀಯಲ್ಲ,
ಆ ಸದ್ದಿನಿಂದ ಮಂಜುಗಡ್ಡೆ ತೆಗೆದರೆ ಉಳಿಯುವುದು.

ಫಾರಮ್ಮಿನಲ್ಲಿ ಬರೆದೆ: ಕಿವಿಮೊರೆತ, ಎರಡೂ ಕಡೆ.
ಅಂಗೈಯಲ್ಲಿ ಬರೆದುಕೊಂಡೆ: ಮಂಜುಗಡ್ಡೆ ತೆಗೆದರೆ ಉಳಿಯುವುದು.

ಹದಿನೈದು ರಾತ್ರಿ ಹುಡುಕಿದೆ. ಸಿಗಲಿಲ್ಲ, ಹತ್ತಿರ ಸಿಕ್ಕಿತು.
ಕೊನೆಗೆ ಅವರನ್ನೇ ಕರೆದೆ.
ಬಂದರು, ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಟಾರ್ಚು.
ಚಿರಾಗ್ ಕಿವಿಗೆ ಹತ್ತಿ ಕೊಟ್ಟ.
ಬೊಡ್ಚಿ ಮಾರಾಯ, ಇನ್ನೇನು ಹೋಗ್ಲಿಕ್ಕುಂಟು.

ಶುರು ಮಾಡಿದೆವು. ಮಾಡಿನಿಂದ ಕೆಂಪು ಧೂಳು ಉದುರಿತು.
ಅರ್ಧದಲ್ಲಿ ಕೈ ಅಡ್ಡ ಹಿಡಿದರು.
ಮಗಾ, ನಿನ್ನ ಎಂಜಿನು ಉಸಿರೇ ಬಿಡುವುದಿಲ್ಲ.
ಆರರಲ್ಲಿ ಒಂದು ಸಿಲಿಂಡರು ಹೊಡೆಯದಿದ್ದರೆ
ಆ ತಪ್ಪಿದ ಜಾಗದಲ್ಲೇ ಉಳಿದ ಐದೂ ತಿಳಿಯುವುದು.
ತೊಡೆಯ ಮೇಲೆ ಬಡಿದು ತೋರಿಸಿದರು.
ಡಬ ಡಬ ಡಬ ಡಬ ಡಬ, ಖಾಲಿ.

ಅಲ್ಲೇ ಕೂತು ತಂತಿ ಕಡಿದು ಬೇರೆ ಕಡೆ ಜೋಡಿಸಿದೆ.
ನಿಸಾಫ್ ಬಡಿದಾಗ ನನ್ನದು ಸಾಯಬೇಕು,
ಅವನ ಕೋಲು ಮೇಲೆದ್ದೊಡನೆ ಬಾಯಿ ತೆರೆಯಬೇಕು.
ಆಗ ಕೇಳಿಸಿತು,
ನೀರಿಗೆ ಉಪ್ಪು ಬೆರೆತ ಹಾಗಲ್ಲ,
ಸೀಳಿದ ಮೀನಿಗೆ ಉಪ್ಪು ಹಿಡಿದ ಹಾಗೆ.
ಮೆಲ್ರಾಯನ ಗೊಗ್ಗರು ಯಾವುದು, ತಗಡು ಯಾವುದು,
ಅವನಿಗೇ ಗೊತ್ತಾಗದೆ ಒಮ್ಮೆ ನನ್ನ ಕಡೆ ತಿರುಗಿ ನೋಡಿದ.

ಹನ್ನೊಂದು ನಿಮಿಷ. ನಿಂತಿತು.
ಧೂಮಣ್ಣ ಕದಲಲಿಲ್ಲ.
ಇಜ್ಜಿ, ಅಂದರು.
ಏನಿಲ್ಲ?
ಕಿವಿ ತೋರಿಸಿದರು.

ಪುಸ್ತಕದಲ್ಲಿ ಇದಕ್ಕೆ ಹೆಸರಿದೆ, ನಾನು ಹೇಳಲಿಲ್ಲ.
ಮೆಲ್ರಾಯ್ ಕೆಮ್ಮು ತಡೆದುಕೊಂಡ.
ನೇತ್ರಾವತಿ ಸೇತುವೆ ಮೇಲೆ ಗೂಡ್ಸು ರೈಲು ಹೋಯಿತು,
ಅದು ಅವರಿಗೆ ಕೇಳಿತೋ ಏನೋ.
ನಲವತ್ತು ಸೆಕೆಂಡಾದರೂ ಇರಬೇಕು.

ಆಮೇಲೆ, ಗಾಜಿನ ಗೂಡಿನಲ್ಲಿ ಕೂತವರಂತೆ,
ಮೆಲ್ಲನೆ ಬೆರಳೆತ್ತಿದರು.

ನಿಸಾಫ್ ಕೋಲು ತಟ್ಟಿದ. ಒಂದು, ಎರಡು,